ಕೈ ಎಷ್ಟು ಪಳಗಿದೆ? ಸರ್ಜರಿ ಸಿಮ್ಯುಲೇಟರ್ ಆರಿಸುವವರಿಗೆ ಒಂದು ಹೋಲಿಕೆ

ಸಿಮ್ಯುಲೇಟರ್ ಅಂದರೆ ರೋಗಿಯಿಲ್ಲದೆ ಸರ್ಜರಿ ಅಭ್ಯಾಸ ಮಾಡಿಸುವ ಸಾಧನ. ಅದರ ಡೆಮೊದಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಚಿತ್ರದ ಕಡೆಗೇ. ಪರದೆಯ ಮೇಲೆ ಪಿತ್ತಕೋಶ ಹಸಿಹಸಿಯಾಗಿ ಹೊಳೆಯುತ್ತದೆ. ಮುಟ್ಟಿದರೆ ಅಲುಗುತ್ತದೆ, ತಪ್ಪಿ ಕೊಯ್ದರೆ ರಕ್ತ ಚಿಮ್ಮುತ್ತದೆ. ಹಿರಿಯ ಡಾಕ್ಟರುಗಳೂ ಒಮ್ಮೆ 'ಅಬ್ಬಾ' ಅನ್ನುತ್ತಾರೆ. ಆಮೇಲೆ ಕೊಟೇಶನ್ ಬರುತ್ತದೆ. ಅಷ್ಟು ಹೊತ್ತಿಗೆ ಕೇಳಬೇಕಾದ ಪ್ರಶ್ನೆ ಮರೆತೇ ಹೋಗಿರುತ್ತದೆ: ಈ ಯಂತ್ರ ಕೊನೆಗೆ 78 ಅಂತಲೋ 91 ಅಂತಲೋ ಒಂದು ಅಂಕ ಕೊಡುತ್ತದಲ್ಲ, ಅದನ್ನು ಇಟ್ಟುಕೊಂಡು ನಾವು ಏನು ಮಾಡುತ್ತೇವೆ?

ನಾನು ಬರೆಯುತ್ತಿರುವುದು ನಮ್ಮ ಉತ್ತರ ಕನ್ನಡದಂಥ ಕಡೆ ಸ್ಕಿಲ್ ಲ್ಯಾಬ್‌ಗೆ ಸಾಮಾನು ಆರಿಸುವವರಿಗೆ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಘಟ್ಟದ ಮೇಲೆ ಶಿರಸಿ, ಕೆಳಗೆ ಕುಮಟಾ, ಹೊನ್ನಾವರಗಳಲ್ಲಿ ಆಸ್ಪತ್ರೆಗಳಿವೆ. ದೊಡ್ಡ ಕೇಸ್ ಬಂದರೆ ಮಾತ್ರ ಇವತ್ತಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾದ ಬಾಂಬೋಳಿ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನುವ ಕೂಗು ಎಷ್ಟು ಹಳೆಯದು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಕಟ್ಟಡ ಬಂದರೂ ಒಳಗೆ ಕೈ ಪಳಗಿದವರು ಬೇಕಲ್ವಾ? ಕೈ ಪಳಗಿದೆಯೋ ಇಲ್ಲವೋ ಅಂತ ಹೇಳುವ ಸಾಧನಗಳ ಮಾತು ಇದು.

ಅಂಕ ಯಾಕೆ ಬೇಕು ಅಂತ ಮೊದಲು ತೀರ್ಮಾನಿಸಿ

ಅಂಕದಿಂದ ಮೂರು ಥರದ ಕೆಲಸ ತೆಗೆಯಬಹುದು. ಕಲಿಯುವವರಿಗೆ 'ಹೋದ ವಾರಕ್ಕಿಂತ ಈ ವಾರ ಸುಧಾರಿಸಿದೆ' ಅಂತ ತೋರಿಸಬಹುದು. 'ಇನ್ನು ಇವರು ಓಟಿಯಲ್ಲಿ ಬರೀ ಕ್ಯಾಮೆರಾ ಹಿಡಿದು ನಿಲ್ಲುವುದು ಸಾಕು, ಗ್ರಾಸ್ಪರ್ (ಅಂಗ ಹಿಡಿಯುವ ಉದ್ದನೆಯ ಇಕ್ಕಳ) ಹಿಡಿಯಲಿ' ಅಂತ ತೀರ್ಮಾನಿಸಬಹುದು. ಅಥವಾ ಪಾಸು–ಫೇಲು ಅಂತ ಸರ್ಟಿಫಿಕೇಟ್ ಕೊಡಬಹುದು.

ಮೊದಲನೆಯದಕ್ಕೆ ಹೆಚ್ಚುಕಮ್ಮಿ ಯಾವ ಸಾಧನವಾದರೂ ನಡೆಯುತ್ತದೆ. ಮೂರನೆಯದಕ್ಕೆ ಹಾಗಲ್ಲ. ಅದೇ ವ್ಯಕ್ತಿಯನ್ನು ಮತ್ತೊಮ್ಮೆ ಅಳೆದರೆ ಅಂಕ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಇಬ್ಬರು ಪರೀಕ್ಷಕರು ಕೂತರೆ ಇಬ್ಬರ ಅಂಕವೂ ಹತ್ತಿರ ಹತ್ತಿರ ಇರಬೇಕು. ಒಬ್ಬರ ಭವಿಷ್ಯ ತೀರ್ಮಾನ ಮಾಡುವ ಪರೀಕ್ಷೆಯಾದರೆ ಈ ಹೊಂದಾಣಿಕೆ 1ಕ್ಕೆ 0.8 ಆದರೂ ಇರಲಿ ಅನ್ನುವುದು ರೂಢಿ. ಡೆಮೊಗೆ ಬಂದವರನ್ನು ಈ ಸಂಖ್ಯೆ ಕೇಳಿ ನೋಡಿ. ಉತ್ತರ ಬಂದರೆ ಮಾತು ಮುಂದುವರಿಸಬಹುದು. 'ಗ್ರಾಫಿಕ್ಸ್ ನೋಡಿ ಸರ್' ಅಂದರೆ ಚಹಾ ಕುಡಿಸಿ ಕಳಿಸಿ.

ಪೆಟ್ಟಿಗೆ: ಬಡವರ ಸಾಧನ ಅಂತ ತಳ್ಳಿಬಿಡಬೇಡಿ

ಬಾಕ್ಸ್ ಟ್ರೈನರ್ ಅಂದರೆ ಒಂದು ಪೆಟ್ಟಿಗೆ, ಒಳಗೊಂದು ಕ್ಯಾಮೆರಾ, ಮೇಲೆ ತೂತು, ತೂತಿನಲ್ಲಿ ನಿಜವಾದ ಲ್ಯಾಪ್ರೊಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಹಾಕಿ, ಕ್ಯಾಮೆರಾದಲ್ಲಿ ನೋಡಿಕೊಂಡು ಮಾಡುವ ಸರ್ಜರಿ) ಉಪಕರಣ. ಕೆಲವು ಸಾವಿರದಿಂದ ಕೆಲವು ಹತ್ತು ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ಎಲ್ಲವನ್ನೂ ಕಂಪ್ಯೂಟರ್ ಚಿತ್ರದಲ್ಲೇ ತೋರಿಸುವ ವಿಆರ್ (ವರ್ಚುವಲ್ ರಿಯಾಲಿಟಿ) ಯಂತ್ರಕ್ಕೆ ಹತ್ತಾರು ಲಕ್ಷ. ಅಗ್ಗ ಅನ್ನುವ ಒಂದೇ ಕಾರಣಕ್ಕೆ ಪೆಟ್ಟಿಗೆಗೆ ಮರ್ಯಾದೆ ಕಡಿಮೆ.

ಆದರೆ ಚರಿತ್ರೆ ಬೇರೆಯೇ ಹೇಳುತ್ತದೆ. ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಪೆಟ್ಟಿಗೆಯೊಳಗೆ ಮಾಡುವ ಕೆಲವು ಕೆಲಸಗಳನ್ನು ಸಮಯ ಮತ್ತು ತಪ್ಪಿನ ಲೆಕ್ಕದಲ್ಲಿ ಅಳೆಯುವ ಕ್ರಮ ಮಾಡಿದರು. ಅದೇ ಬೆಳೆದು 2004ರಲ್ಲಿ ಅಮೆರಿಕದಲ್ಲಿ ಎಫ್‌ಎಲ್‌ಎಸ್ ಅನ್ನುವ ಪರೀಕ್ಷೆಯಾಯಿತು. ಮುಂದೆ ಅಲ್ಲಿನ ಸರ್ಜರಿ ಬೋರ್ಡ್ ಅದನ್ನು ಕಡ್ಡಾಯ ಮಾಡಿತು. ಅಷ್ಟು ದುಡ್ಡಿರುವ ದೇಶ, ಲ್ಯಾಪ್ರೊಸ್ಕೋಪಿ ಪರೀಕ್ಷೆಗೆ ಆರಿಸಿಕೊಂಡದ್ದು ಪೆಟ್ಟಿಗೆಯನ್ನು.

ಅದರ ಐದು ಕೆಲಸಗಳಲ್ಲಿ ಮೊದಲನೆಯದನ್ನೇ ನೋಡಿ. ಹಲಗೆಯ ಮೇಲೆ ಎಡಗಡೆ ಆರು ಗೂಟ, ಬಲಗಡೆ ಆರು ಗೂಟ. ಎಡಗಡೆಯ ಗೂಟಗಳಲ್ಲಿ ಆರು ರಬ್ಬರ್ ತುಂಡು. ಎಡಗೈ ಗ್ರಾಸ್ಪರ್‌ನಲ್ಲಿ ತುಂಡನ್ನು ಎತ್ತಬೇಕು, ಗಾಳಿಯಲ್ಲೇ ಬಲಗೈಗೆ ದಾಟಿಸಬೇಕು, ಆ ಕಡೆ ಗೂಟಕ್ಕೆ ಹಾಕಬೇಕು. ಆರೂ ಮುಗಿದ ಮೇಲೆ ಅದೇ ರೀತಿ ವಾಪಸ್. ಕೇಳಿದರೆ ಮಕ್ಕಳಾಟ. ಮಾಡಲು ಕೂತರೆ ಗೊತ್ತಾಗುತ್ತದೆ: ಕೈ ಬಲಕ್ಕೆ ಹೋದರೆ ತುದಿ ಎಡಕ್ಕೆ ಹೋಗುತ್ತದೆ. ಪರದೆಯಲ್ಲಿ ಉದ್ದ–ಅಗಲ ಕಾಣುತ್ತದೆ, ಆಳ ಕಾಣುವುದಿಲ್ಲ. ಹೊಸಬರ ಗ್ರಾಸ್ಪರ್ ತುಂಡಿನ ಹಿಂದೆ ಎರಡು ಸೆಂಟಿಮೀಟರ್ ದೂರದ ಗಾಳಿಯನ್ನು ಕಚ್ಚುತ್ತಿರುತ್ತದೆ. 'ಸರ್, ಕಾಣ್ತದೆ, ಆದ್ರೆ ಸಿಗ್ತಾ ಇಲ್ಲ' ಅನ್ನುವುದು ಎಲ್ಲರ ಬಾಯಲ್ಲೂ ಬರುವ ಮಾತು. ಭುಜ ಕಿವಿಯ ಹತ್ತಿರ ಏರಿರುತ್ತದೆ, ಹಣೆಯಲ್ಲಿ ಬೆವರು. ಈ ಕೆಲಸಕ್ಕೆ ಪಳಗಿದ ಕೈಯ ಗುರಿ 48 ಸೆಕೆಂಡು. ಗಾಜ್ ಬಟ್ಟೆಯ ಮೇಲೆ ಬರೆದ ವೃತ್ತವನ್ನು ಗೆರೆ ತಪ್ಪದೆ ಕತ್ತರಿಸುವುದಕ್ಕೆ 98. ಒಳಗೇ ಹೊಲಿಗೆ ಹಾಕಿ ಗಂಟು ಬಿಗಿಯುವುದಕ್ಕೆ 112.

ಪೆಟ್ಟಿಗೆಯ ದೊಡ್ಡ ಗುಣ ಇನ್ನೊಂದಿದೆ. ದಾರ ಎಳೆದರೆ ನಿಜವಾಗಿ ಬಿಗಿಯುತ್ತದೆ. ವಿಆರ್ ಯಂತ್ರದಲ್ಲಿ ಈ ಸ್ಪರ್ಶದ ಅನುಭವಕ್ಕೆ ಮೋಟಾರು ಹಾಕಿ ಜಾಸ್ತಿ ದುಡ್ಡು ಕೇಳುತ್ತಾರೆ, ಆದರೂ ನಿಜದ ದಾರದಷ್ಟು ಸಹಜವಾಗಿರುವುದಿಲ್ಲ.

ಕೊರತೆ ಏನಂದರೆ ಪೆಟ್ಟಿಗೆ ತಾನಾಗಿ ಅಂಕ ಕೊಡುವುದಿಲ್ಲ. ಯಾರಾದರೂ ಗಡಿಯಾರ ಹಿಡಿದು ಕೂರಬೇಕು, ತಪ್ಪು ಎಣಿಸಬೇಕು. ಓಟಿ, ಒಪಿಡಿ, ಕ್ಲಾಸು ಎಲ್ಲ ಒಬ್ಬರ ತಲೆಯ ಮೇಲೇ ಇರುವ ನಮ್ಮ ಕಡೆ ಆ 'ಯಾರಾದರೂ' ಸಿಗುವುದೇ ಕಷ್ಟ. ಮೆಷಿನ್ ಪರವಾಗಿ ನಾನು ಒಪ್ಪುವ ಮೊದಲ ವಾದ ಇದು.

ನೋಡಿ ಅಂಕ ಹಾಕುವುದು

ಯಂತ್ರ ಇರಲಿ, ಇಲ್ಲದಿರಲಿ, ಬಲ್ಲವರು ಕೆಲಸವನ್ನು ನೋಡಿ ಅಂಕ ಹಾಕುವುದನ್ನು ಬಿಡುವಂತಿಲ್ಲ. 1997ರಲ್ಲಿ ಟೊರಾಂಟೊದವರು ಓಸ್ಯಾಟ್ಸ್ ಅನ್ನುವ ಅಂಕಪಟ್ಟಿ ಮಾಡಿದರು. 2005ರಲ್ಲಿ ಮೆಕ್‌ಗಿಲ್‌ನವರು ಲ್ಯಾಪ್ರೊಸ್ಕೋಪಿಗೆ ಅಂತಲೇ ಗೋಲ್ಸ್ ಅನ್ನುವ ಪಟ್ಟಿ ತಂದರು. ಅದರಲ್ಲಿ ಐದು ಅಂಶಗಳು: ಆಳದ ಅಂದಾಜು, ಎರಡೂ ಕೈಗಳ ಹೊಂದಾಣಿಕೆ, ಚುರುಕು, ಅಂಗಾಂಶವನ್ನು ನಾಜೂಕಾಗಿ ಹಿಡಿಯುವುದು, ಇನ್ನೊಬ್ಬರ ನೆರವಿಲ್ಲದೆ ಕೆಲಸ ಸಾಗಿಸುವುದು. ಒಂದೊಂದಕ್ಕೆ 5, ಒಟ್ಟು 25. ಒಂದು ಹಾಳೆ, ಒಂದು ಪೆನ್ನು ಸಾಕು.

ತೊಂದರೆ ಎಲ್ಲಿ ಅಂದರೆ ನಮ್ಮದು ಸಣ್ಣ ಊರು. ಅಂಕ ಹಾಕುವವರಿಗೆ ಹುಡುಗನ ಅಪ್ಪ ಗೊತ್ತು, ಹುಡುಗಿಯ ಮಾವ ಗೊತ್ತು. 'ನಮ್ಮ ಮಾಣಿ, ಪಾಪ' ಅಂತ ಒಂದು ಅಂಕ ಏರುತ್ತದೆ. ಇದಕ್ಕೆ ಮದ್ದು ಸುಲಭ. ಪೆಟ್ಟಿಗೆಯೊಳಗಿನ ಕ್ಯಾಮೆರಾದ ವಿಡಿಯೊ ಮಾತ್ರ ಉಳಿಸಿ, ಧ್ವನಿ ತೆಗೆದುಹಾಕಿ, ಹೆಸರಿನ ಬದಲು ನಂಬರ್ ಹಾಕಿ. ಅದನ್ನು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಇರುವ ಇಬ್ಬರು ಸರ್ಜನ್‌ಗಳಿಗೆ ಕಳಿಸಿ. ಅವರು ರಾತ್ರಿ ಊಟ ಆದಮೇಲೆ ಫೋನಿನಲ್ಲೇ ನೋಡಿ ಅಂಕ ಹಾಕಬಹುದು.

ವಿಡಿಯೊ ನೋಡಿ ಹಾಕುವ ಅಂಕಕ್ಕೆ ಎಷ್ಟು ಬೆಲೆ ಅಂತ ಕೇಳಿದರೆ ನಾನು 2013ರ ಮಿಷಿಗನ್ ಅಧ್ಯಯನ ತೋರಿಸುತ್ತೇನೆ. ಬೊಜ್ಜು ಇಳಿಸುವ ಸರ್ಜರಿ ಮಾಡುವ 20 ಸರ್ಜನ್‌ಗಳು ತಲಾ ಒಂದು ವಿಡಿಯೊ ಕೊಟ್ಟರು. ಯಾರದ್ದು ಅಂತ ಹೇಳದೆ ಉಳಿದ ಸರ್ಜನ್‌ಗಳಿಂದ ಅಂಕ ಹಾಕಿಸಿದರು. ಕೆಳಗಿನ ಕಾಲು ಭಾಗದವರ ರೋಗಿಗಳಲ್ಲಿ ತೊಡಕು ಬಂದದ್ದು 14.5%, ಮೇಲಿನ ಕಾಲು ಭಾಗದವರಲ್ಲಿ 5.2%. ಒಂದೇ ವಿಡಿಯೊದಿಂದ ಇಷ್ಟು ಗೊತ್ತಾಗುವುದಾದರೆ ಹಾಳೆ–ಪೆನ್ನನ್ನು ಹಗುರವಾಗಿ ನೋಡುವ ಹಾಗಿಲ್ಲ.

ಲ್ಯಾಪ್ರೊಸ್ಕೋಪಿ ವಿಆರ್: ಸಂಖ್ಯೆಗಳನ್ನು ಓದಲು ಬರಬೇಕು

ಸ್ವೀಡನ್‌ನ ಲ್ಯಾಪ್‌ಸಿಮ್, ಇಸ್ರೇಲ್ ಮೂಲದ ಲ್ಯಾಪ್ ಮೆಂಟರ್ ಈ ಗುಂಪಿನ ಪರಿಚಿತ ಹೆಸರುಗಳು. ಲ್ಯಾಪ್ ಮೆಂಟರ್ ಮಾಡುತ್ತಿದ್ದ ಕಂಪನಿಯನ್ನು 2021ರಲ್ಲಿ ಲ್ಯಾಪ್‌ಸಿಮ್‌ನವರೇ ಕೊಂಡರು. ಹಾಗಾಗಿ ಎರಡು ಕೊಟೇಶನ್ ಬಂದ ಮಾತ್ರಕ್ಕೆ ಇಬ್ಬರ ನಡುವೆ ಪೈಪೋಟಿ ಇದೆ ಅಂತ ತಿಳಿಯಬೇಡಿ.

ಇವು ಕೆಲಸ ಮಾಡುತ್ತವೆಯೇ? ಮಾಡುತ್ತವೆ. ಯೇಲ್‌ನಲ್ಲಿ 16 ಕಿರಿಯ ಸರ್ಜನ್‌ಗಳ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಿಆರ್‌ನಲ್ಲಿ ಪಳಗಿದವರು ನಿಜವಾದ ಪಿತ್ತಕೋಶದ ಸರ್ಜರಿಯಲ್ಲಿ 29% ವೇಗವಾಗಿದ್ದರು. ಪಳಗದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಬೇಡದ ಕಡೆ ಸುಡುವ ಸಾಧ್ಯತೆ ಐದು ಪಟ್ಟು ಜಾಸ್ತಿ ಇತ್ತು. 2009ರಲ್ಲಿ ಡೆನ್ಮಾರ್ಕ್‌ನಿಂದ ಇನ್ನೊಂದು ಬಂತು. ಸ್ತ್ರೀರೋಗ ವಿಭಾಗದ 24 ಕಿರಿಯ ಡಾಕ್ಟರುಗಳಲ್ಲಿ ಲ್ಯಾಪ್‌ಸಿಮ್ ಮೇಲೆ ಕಲಿತವರು ಅಂಡನಾಳ (ಫಲೋಪಿಯನ್ ಟ್ಯೂಬ್) ತೆಗೆಯುವ ಸರ್ಜರಿಯನ್ನು 12 ನಿಮಿಷದಲ್ಲಿ ಮುಗಿಸಿದರು, ಉಳಿದವರಿಗೆ 24 ನಿಮಿಷ ಬೇಕಾಯಿತು. ಅಲ್ಲಿ ಗಮನಿಸಬೇಕಾದದ್ದು ಇನ್ನೊಂದು: 'ಇಷ್ಟು ಗಂಟೆ ಯಂತ್ರದ ಮುಂದೆ ಕೂರಿ' ಅಂತ ಹೇಳಲಿಲ್ಲ. ನಿಗದಿಯಾದ ಮಟ್ಟ ಮುಟ್ಟುವವರೆಗೆ ಮಾಡಿ ಅಂದರು. ಹಾಜರಿ ಪುಸ್ತಕದಲ್ಲಿ ಗಂಟೆ ಬರೆಸುವ ನಮ್ಮ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಯಂತ್ರ ಕೊಡುವ ಸಂಖ್ಯೆಗಳಲ್ಲಿ ಸಮಯ ಎಲ್ಲರಿಗೂ ಅರ್ಥವಾಗುತ್ತದೆ. ಎರಡನೆಯದು ಉಪಕರಣದ ತುದಿ ಒಟ್ಟು ಎಷ್ಟು ಮೀಟರ್ ಓಡಾಡಿತು ಅನ್ನುವುದು, ಎಡಗೈಗೆ ಬೇರೆ, ಬಲಗೈಗೆ ಬೇರೆ. ಪಳಗಿದವರು ಕಡಿಮೆ ಓಡಾಡುತ್ತಾರೆ. ಮೂರನೆಯದು ತಪ್ಪುಗಳು: ಅಂಗಾಂಶಕ್ಕೆ ಎಷ್ಟು ಸಲ ತಾಗಿತು, ಎಷ್ಟು ಆಳಕ್ಕೆ ಒತ್ತಿತು, ಎಷ್ಟು ರಕ್ತ ಹೋಯಿತು.

ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರು ಚಕಚಕ ಅಂತ ಮುಗಿಸುತ್ತಾರೆ, ತುದಿಯ ಓಡಾಟವೂ ಕಡಿಮೆ, ಆದರೆ ಪಿತ್ತಕೋಶವನ್ನು ಎಳೆದೆಳೆದು ಹರಿಯುವ ಹಾಗೆ ಮಾಡುತ್ತಾರೆ. ಇನ್ನೊಬ್ಬರು ನಿಧಾನ, ಆದರೆ ಎಲ್ಲಿಯೂ ಗಾಯವಿಲ್ಲ. ಎಲ್ಲ ಸೇರಿಸಿದ ಒಟ್ಟು ಅಂಕದಲ್ಲಿ ಇಬ್ಬರಿಗೂ 80 ಬರಬಹುದು. ನನ್ನನ್ನು ಕೇಳಿದರೆ ಒಟ್ಟು ಅಂಕ ಮಾತ್ರ ತೋರಿಸಿ ಒಳಗಿನ ಲೆಕ್ಕ ಮುಚ್ಚಿಡುವ ಯಂತ್ರ ಬೇಡವೇ ಬೇಡ. ಒಂದೊಂದು ಸಂಖ್ಯೆಯೂ ಎಕ್ಸೆಲ್‌ಗೆ ಬರಬೇಕು.

ಪಾಸ್ ಗೆರೆ ಎಲ್ಲಿ ಎಳೆಯಬೇಕು ಅನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ಯಂತ್ರದೊಳಗೆ ಕಂಪನಿಯವರು ಇಟ್ಟ 'ಎಕ್ಸ್‌ಪರ್ಟ್ ಮಟ್ಟ' ಇರುತ್ತದೆ. ಆ ಎಕ್ಸ್‌ಪರ್ಟ್ ಯಾರು, ಎಷ್ಟು ಜನ, ಎಲ್ಲಿಯವರು ಅಂತ ಕೇಳಿ. ಇಲ್ಲಿಯೇ ಗೆರೆ ಎಳೆಯುವ ಕ್ರಮವೊಂದಿದೆ. ಜಿಲ್ಲೆಯಲ್ಲಿ ದಿನಾ ಲ್ಯಾಪ್ರೊಸ್ಕೋಪಿ ಮಾಡುವ ಒಂದಿಷ್ಟು ಸರ್ಜನ್‌ಗಳನ್ನು ಕರೆದು ಅದೇ ಕೆಲಸ ಮಾಡಿಸಿ. ಹೌಸ್ ಸರ್ಜನ್‌ಗಳಿಂದಲೂ ಮಾಡಿಸಿ. ಯಾವ ಅಂಕ ಎಷ್ಟು ಜನರಿಗೆ ಬಂತು ಅಂತ ಗುಂಪಿಗೊಂದು ಗೆರೆಯಂತೆ ಒಂದೇ ಹಾಳೆಯ ಮೇಲೆ ಹಾಕಿ ನೋಡಿ. ಎರಡು ಗೆರೆ ಒಂದನ್ನೊಂದು ದಾಟುವ ಜಾಗವೇ ಪಾಸ್ ಗೆರೆ. ಎರಡು ಗುಂಪಿನ ನಡುವೆ ವ್ಯತ್ಯಾಸವೇ ಕಾಣದಿದ್ದರೆ ಆ ಕೆಲಸ ಅಳತೆಗೆ ಬಾರದು, ಚಿತ್ರ ಎಷ್ಟೇ ಚೆನ್ನಾಗಿರಲಿ. ಡೆಮೊಗೆ ಯಂತ್ರ ಒಂದು ವಾರ ಇಟ್ಟುಕೊಳ್ಳಲು ಕೊಟ್ಟರೆ ಕೊಳ್ಳುವ ಮೊದಲೇ ಇದನ್ನು ಮಾಡಿ ನೋಡಬಹುದು.

ಇನ್ನೊಂದು ಮಾತು. ಮೊದಲ ಸಲದ ಅಂಕವನ್ನು ನಂಬಬೇಡಿ. ಅದು ಸರ್ಜರಿಯ ಕೈಯನ್ನಲ್ಲ, ಯಂತ್ರದ ಪರಿಚಯವನ್ನು ಅಳೆಯುತ್ತದೆ. 2007ರ ಅಮೆರಿಕದ ಒಂದು ಅಧ್ಯಯನದಲ್ಲಿ ಹಿಂದೆ ವಾರಕ್ಕೆ ಮೂರು ಗಂಟೆಗಿಂತ ಜಾಸ್ತಿ ವಿಡಿಯೊ ಗೇಮ್ ಆಡುತ್ತಿದ್ದ ಸರ್ಜನ್‌ಗಳು ಲ್ಯಾಪ್ರೊಸ್ಕೋಪಿ ಅಭ್ಯಾಸದಲ್ಲಿ 37% ಕಡಿಮೆ ತಪ್ಪು ಮಾಡಿದ್ದರು. (ಇದನ್ನು ಮನೆಯಲ್ಲಿ ಮಕ್ಕಳ ಮುಂದೆ ಓದಬೇಡಿ.) ಕೆಲವು ಸುತ್ತು ಅಭ್ಯಾಸಕ್ಕೆ ಬಿಟ್ಟು, ಅಂಕ ಏರುವುದು ನಿಂತ ಮೇಲೆ ಅಳೆಯಿರಿ.

ಇಷ್ಟೆಲ್ಲ ಆದರೂ ಯಂತ್ರಕ್ಕೆ ತೀರ್ಮಾನ ಅಳೆಯಲು ಬರುವುದಿಲ್ಲ. ಪಿತ್ತನಾಳ ಸ್ಪಷ್ಟವಾಗಿ ಕಾಣದಿದ್ದಾಗ ಕೈ ನಿಲ್ಲಿಸಿ ಹೊಟ್ಟೆ ತೆರೆಯೋಣ ಅನ್ನುವ ಬುದ್ಧಿಗೆ ಯಾವ ಸಂಖ್ಯೆಯೂ ಇಲ್ಲ. ಆರ್‌ಟಿಒ ಮೈದಾನದಲ್ಲಿ ಎಂಟು ಹಾಕಿ ಪಾಸಾದವರ ಕೈಗೆ ಜುಲೈ ತಿಂಗಳ ರಾತ್ರಿ ಅರಬೈಲ್ ಘಾಟಿಯಲ್ಲಿ ಗಾಡಿ ಕೊಡುತ್ತೀರಾ? ಎಂಟು ಹಾಕಲು ಬಾರದವರಿಗೆ ಮಾತ್ರ ಖಂಡಿತ ಕೊಡುವುದಿಲ್ಲ. ಸಿಮ್ಯುಲೇಟರ್ ಅಂಕದ ಉಪಯೋಗವೂ ಅಷ್ಟರದ್ದೇ.

ಹೆಡ್‌ಸೆಟ್, ಕಣ್ಣು, ಎಂಡೊಸ್ಕೋಪಿ

ತಲೆಗೆ ಹಾಕುವ ಹೆಡ್‌ಸೆಟ್ ಅಗ್ಗ, ಹತ್ತಾರು ಸಾವಿರದಲ್ಲಿ ಬರುತ್ತದೆ. ಸಾಫ್ಟ್‌ವೇರ್ ಚಂದಾ ಬೇರೆ. ಮೂಳೆ ಸರ್ಜರಿಯ ಹಂತಗಳನ್ನು ನೆನಪಿಟ್ಟುಕೊಳ್ಳಲು ಒಳ್ಳೆಯದು: ಮೊದಲು ಯಾವ ಗೈಡ್ ವೈರ್, ಆಮೇಲೆ ಯಾವ ರೀಮರ್. ಆದರೆ ಕೈಯಲ್ಲಿರುವುದು ಪ್ಲಾಸ್ಟಿಕ್ ಕಂಟ್ರೋಲರ್. ಅದು 'ಹಂತ ಗೊತ್ತಿದೆಯೇ' ಅಂತ ಅಳೆಯಬಲ್ಲದು, 'ಕೈ ಪಳಗಿದೆಯೇ' ಅಂತ ಅಲ್ಲ. ತಲೆ ಸುತ್ತುವವರೂ ಇರುತ್ತಾರೆ. ರೋಬೋಟ್ ಸಿಮ್ಯುಲೇಟರ್ ರೋಬೋಟ್ ಇರುವ ಊರಿಗೆ. ನಾವು ಮುಂದೆ ಹೋಗೋಣ.

ಕಣ್ಣಿನ ವಿಷಯದಲ್ಲಿ ನಾನು ವಿಆರ್ ಪರ. ಪೆಟ್ಟಿಗೆಯಲ್ಲಿ ಕಣ್ಣಿನ ಪೊರೆಯ ಸರ್ಜರಿ ಮಾಡಿಸಲು ಆಗುವುದಿಲ್ಲ, ಮೇಕೆಯ ಕಣ್ಣಿಗೂ ಮನುಷ್ಯರ ಕಣ್ಣಿಗೂ ವ್ಯತ್ಯಾಸ ಬಹಳ. ಐಸಿ ಅನ್ನುವ ಜರ್ಮನ್ ಮೂಲದ ಯಂತ್ರ ಮೈಕ್ರೊಸ್ಕೋಪಿನೊಳಗೇ ಚಿತ್ರ ತೋರಿಸಿ, ಕೈ ನಡುಕ ಸಹಿತ ಅಳೆದು, 100ಕ್ಕೆ ಅಂಕ ಕೊಡುತ್ತದೆ. 2017ರಲ್ಲಿ ಡೆನ್ಮಾರ್ಕ್‌ನವರು ಅದರ ಮೇಲೆ ಪಳಗಿದ ಹೊಸಬರ ನಿಜವಾದ ಸರ್ಜರಿ 32% ಸುಧಾರಿಸಿತು ಅಂತ ತೋರಿಸಿದರು. ಆದರೆ ಕೊಳ್ಳುವ ಮುಂಚೆ ಒಂದನ್ನು ನೋಡಿ. ನಮ್ಮ ಕ್ಯಾಂಪ್‌ಗಳಲ್ಲಿ ಜಾಸ್ತಿ ನಡೆಯುವುದು ಸಣ್ಣ ಗಾಯ ಮಾಡಿ ಕೈಯಿಂದಲೇ ಪೊರೆ ತೆಗೆಯುವ, ಹೊಲಿಗೆ ಬೇಡದ ಸರ್ಜರಿ; ಯಂತ್ರದಿಂದ ಪೊರೆ ಪುಡಿಮಾಡಿ ತೆಗೆಯುವ ಫೇಕೊ ಅಲ್ಲ. ಕೈಯಿಂದ ಮಾಡುವ ಆ ಸರ್ಜರಿಗೆಂದೇ ಹೆಲ್ಪ್‌ಮಿಸೀ ಸಂಸ್ಥೆ ಸಿಮ್ಯುಲೇಟರ್ ಮಾಡಿದೆ, ಭಾರತದಲ್ಲಿ ತರಬೇತಿಯೂ ಕೊಡುತ್ತದೆ. ಯಂತ್ರ ತರಿಸುವುದಕ್ಕಿಂತ ಅಭ್ಯರ್ಥಿಯನ್ನು ಕಳಿಸುವುದೇ ಇಲ್ಲಿ ಲಾಭ.

ಎಂಡೊಸ್ಕೋಪಿಯಲ್ಲೂ ಕಥೆ ಹೀಗೆಯೇ. ಲ್ಯಾಪ್ರೊಸ್ಕೋಪಿಗೆ ಪೆಟ್ಟಿಗೆ ಆರಿಸಿದ ಅಮೆರಿಕದವರೇ ಎಂಡೊಸ್ಕೋಪಿಯ ಎಫ್‌ಇಎಸ್ ಪರೀಕ್ಷೆಗೆ ಜಿಐ ಮೆಂಟರ್ ಅನ್ನುವ ವಿಆರ್ ಯಂತ್ರ ಆರಿಸಿದರು. ಕೊಳವೆ ಕರುಳಿನೊಳಗೆ ಸುತ್ತಿಕೊಂಡದ್ದನ್ನು ಬಿಡಿಸುವುದು, ಹಿಂದಕ್ಕೆ ಬಾಗಿಸಿ ನೋಡುವುದು ಇವನ್ನೆಲ್ಲ ಪೆಟ್ಟಿಗೆಯಲ್ಲಿ ಮಾಡಿ ತೋರಿಸುವುದು ಕಷ್ಟ. ಪ್ಲಾಸ್ಟಿಕ್ಕು, ರಬ್ಬರಿನಲ್ಲಿ ಆಗುವುದಕ್ಕೆ ಪೆಟ್ಟಿಗೆ, ಆಗದ್ದಕ್ಕೆ ವಿಆರ್ ಅನ್ನುವುದೇ ನನ್ನ ಲೆಕ್ಕ.

ಎಐ ತಾನೇ ಅಂಕ ಹಾಕುತ್ತದೆ ಅನ್ನುವವರೂ ಈಗ ಬರುತ್ತಾರೆ. ಈ ಕ್ಷೇತ್ರದಲ್ಲಿ ಬಹಳ ಜನ ಬಳಸುವ, 2014ರ ಜಿಗ್‌ಸಾಸ್ ಅನ್ನುವ ದತ್ತಾಂಶದಲ್ಲಿ ಇರುವುದು ಎಂಟೇ ಸರ್ಜನ್‌ಗಳ ಕೈ. ಅಷ್ಟು ಜನರ ಕೈ ನೋಡಿ ಕಲಿತ ಪ್ರೋಗ್ರಾಂ ಒಬ್ಬರನ್ನು ಫೇಲ್ ಮಾಡುವುದನ್ನು ನಾನಂತೂ ಒಪ್ಪುವುದಿಲ್ಲ. ಎರಡನೇ ಅಭಿಪ್ರಾಯ ಅಂತ ಇರಲಿ.

ಉಪ್ಪುಗಾಳಿಯ ಲೆಕ್ಕ

ಬ್ರೋಶರ್‌ನಲ್ಲಿ ಇಲ್ಲದ ವಿಷಯ ಇದು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಸ್ಟು. ಗ್ರಾಸ್ಪರ್‌ನ ಬಾಯಿಯ ಸಂದಿಯಲ್ಲಿ ತುಕ್ಕು ಕೂತರೆ ಬಾಯಿ ತೆರೆಯುವಾಗ ಒಮ್ಮೆ ಸಿಕ್ಕಿಕೊಂಡು ಆಮೇಲೆ ಫಟ್ಟನೆ ಬಿಡುತ್ತದೆ. ಪೆಟ್ಟಿಗೆಯದ್ದಾದರೆ ಎಣ್ಣೆ ಹಾಕಿ ಒರೆಸಬಹುದು, ಇಲ್ಲವೇ ಬೇರೆ ತರಿಸಬಹುದು. ವಿಆರ್ ಯಂತ್ರದ ಹಿಡಿಕೆಯೊಳಗಿನ ಸೆನ್ಸರ್‌ಗೆ ಉಪ್ಪು ಹಿಡಿದರೆ ಇನ್ನೂ ಕೆಟ್ಟದ್ದು, ಯಾಕೆಂದರೆ ಯಂತ್ರ ನಿಲ್ಲುವುದಿಲ್ಲ. ಅಂಕ ಕೊಡುತ್ತಲೇ ಇರುತ್ತದೆ, ತಪ್ಪು ಅಂಕ. ಯಂತ್ರದ ಅಳತೆ ಸರಿ ಇದೆಯೇ ಅಂತ ತಿಂಗಳಿಗೊಮ್ಮೆ ನೋಡುವ ಕ್ರಮ ಯಂತ್ರದಲ್ಲೇ ಇರಬೇಕು. ಅದನ್ನು ನಮ್ಮ ಟೆಕ್ನಿಷಿಯನ್‌ಗೆ ಕಲಿಸಿಕೊಡಬೇಕು. ಕೋಣೆಗೆ ಎಸಿ ಜೊತೆ ತೇವ ಹೀರುವ ಯಂತ್ರವೂ ಬೇಕು, ಯುಪಿಎಸ್ ಅಂತೂ ಬೇಕೇ ಬೇಕು. ಇದನ್ನೆಲ್ಲ ಯಂತ್ರದ ಬೆಲೆಗೆ ಸೇರಿಸಿ ಆಮೇಲೆ ಹೋಲಿಸಿ.

ಶಿರಸಿಯಲ್ಲಿ ಉಪ್ಪಿನ ಕಾಟ ಇಲ್ಲ, ಆದರೆ ಥಂಡಿ, ಕರೆಂಟು, ದಾರಿ ಅದೇ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದ್ ಆಗಿತ್ತು. ಬೆಂಗಳೂರಿನಿಂದ ಸರ್ವಿಸ್ ಎಂಜಿನಿಯರ್ ಬರುವ ಹೊತ್ತಿಗೆ ಪಿಜಿ ಪರೀಕ್ಷೆಯೇ ಮುಗಿದಿರುತ್ತದೆ.

ಯಾರಿಗೆ ಯಾವುದು

ಒಂದಿಬ್ಬರು ಕಿರಿಯ ಡಾಕ್ಟರುಗಳಿರುವ ಶಿರಸಿ, ಕುಮಟಾ ಕಡೆಯ ಆಸ್ಪತ್ರೆಯಾದರೆ ಒಂದು ಪೆಟ್ಟಿಗೆ, ಗೋಲ್ಸ್ ಹಾಳೆ, ಹೊರಗಿನ ಇಬ್ಬರು ಪರೀಕ್ಷಕರು. ಅಷ್ಟೇ. ಪಿತ್ತಕೋಶ, ಅಪೆಂಡಿಕ್ಸ್, ಹರ್ನಿಯಾಕ್ಕೆ ಬೇಕಾದ ಕೈಯನ್ನು ಅಳೆಯಲು ಅದು ಸಾಕು. ಉಳಿದ ದುಡ್ಡಿನಲ್ಲಿ ಓಟಿಗೆ ಒಳ್ಳೆಯ ರೆಕಾರ್ಡರ್ ತನ್ನಿ. ರೋಗಿಯ ಒಪ್ಪಿಗೆ ಪಡೆದು, ಹೊಟ್ಟೆಯೊಳಗಿನ ದೃಶ್ಯ ಮಾತ್ರ ಉಳಿಸಿ.

ಪ್ರತಿ ವರ್ಷ ಹೊಸ ತಂಡ ಬರುವ ಕಾಲೇಜಿಗೆ ನಾಲ್ಕೈದು ಪೆಟ್ಟಿಗೆ ಮೊದಲು ಬರಲಿ. ಅವು ದಿನಾ ಬಳಕೆಯಾಗುತ್ತಿವೆ, ಅಂಕ ಹಾಕಲು ಜನ ಸಾಲುತ್ತಿಲ್ಲ ಅಂತಾದ ಮೇಲೆ ಒಂದು ಲ್ಯಾಪ್ರೊಸ್ಕೋಪಿ ವಿಆರ್ ತರಿಸಬಹುದು. ರಾತ್ರಿ ಹತ್ತು ಗಂಟೆಗೆ ಡ್ಯೂಟಿ ಮುಗಿಸಿ ಬಂದವರಿಗೂ ಅದು ಬೇಸರವಿಲ್ಲದೆ ಅಂಕ ಕೊಡುತ್ತದೆ. ಆದರೆ ಬೀಗದ ಕೈ ಎಚ್‌ಒಡಿ ಚೇಂಬರಿನಲ್ಲಿದ್ದರೆ ಯಾವ ಯಂತ್ರ ತಂದರೂ ಒಂದೇ.

ಟೆಂಡರ್ ಬರೆಯುವಾಗ ಮೂರು ಷರತ್ತು ಹಾಕಿ. ಪ್ರತಿ ಪ್ರಯತ್ನದ ಬಿಡಿ ಸಂಖ್ಯೆಗಳು ಕಾಲೇಜಿನ ಸ್ವತ್ತು, ಚಂದಾ ನಿಲ್ಲಿಸಿದರೂ ಸಿಗಬೇಕು. ಪಾಸ್ ಗೆರೆಯನ್ನು ನಾವೇ ಬದಲಾಯಿಸುವ ಹಾಗಿರಬೇಕು. ವರ್ಷದ ಸರ್ವಿಸ್ ಮೇ ತಿಂಗಳೊಳಗೆ ಮುಗಿಯಬೇಕು, ಹಿಡಿಕೆಯ ಒಂದು ಜೊತೆ ಹೆಚ್ಚುವರಿಯಾಗಿ ಕಾರವಾರದಲ್ಲೇ ಇರಬೇಕು.